ನಾನು ಮಾವನನ್ನು ಕಾಶಿಗೆ ಕಳಿಸಿದ್ದು

ನನಗೊಂದು ವಿಚಿತ್ರ ಅಭ್ಯಾಸವಿದೆ. ಕಾದಂಬರಿ ಓದುವಾಗ ನನ್ನ ಕೈ ಖಾಲಿ ಇರುತ್ತದೆ. ಆತ್ಮಕಥೆ, ಜೀವನ ಚರಿತ್ರೆ, ಪ್ರವಾಸದ ಪುಸ್ತಕ, ಇಂಥ 'ನಿಜವಾದ' ಪುಸ್ತಕಗಳನ್ನು ಓದುವಾಗ ಮಾತ್ರ ಬೆರಳ ಸಂದಿಯಲ್ಲಿ ಒಂದು ಮೋಟು ಪೆನ್ಸಿಲ್ ಇರಲೇಬೇಕು. ಓದುತ್ತಾ ಓದುತ್ತಾ ಪುಟದ ಅಂಚಿನಲ್ಲಿ ಸಣ್ಣ ಸಣ್ಣ ಪ್ರಶ್ನೆ ಚಿಹ್ನೆಗಳನ್ನು ಹಾಕುತ್ತಾ ಹೋಗುತ್ತೇನೆ. 'ನಮ್ಮ ತಾಯಿ ಒಂದು ದಿನವೂ ಕೋಪಿಸಿಕೊಂಡವರಲ್ಲ' ಎಂದಿದ್ದರೆ ಅಲ್ಲೊಂದು ಪ್ರಶ್ನೆ. 'ಆ ಬಡತನದಲ್ಲಿಯೂ ನಾವು ಸುಖವಾಗಿದ್ದೆವು' ಎಂದಿದ್ದರೆ ಅಲ್ಲಿ ಎರಡು.

ಮೊನ್ನೆ ನಮ್ಮ ಮೊಮ್ಮಗಳು ಇದನ್ನು ಹಿಡಿದುಬಿಟ್ಟಳು. "ತಾತ, ನೀವು ಉಲ್ಟಾ. ಕತೆ ಸುಳ್ಳು, ಇದು ನಿಜ ಅಂತ ಎಲ್ಲರೂ ಅಂತಾರೆ. ನೀವು ಕತೇನ ಸುಮ್ನೆ ನಂಬ್ತೀರ, ನಿಜಾನ ಪೊಲೀಸ್ ತರ ಹಿಡ್ಕೊಂಡು ಕೇಳ್ತೀರ" ಎಂದಳು. ಅದಕ್ಕೆ ಕಾರಣ ನಮ್ಮ ನಾರಾಯಣಮ್ಮತ್ತೆ ಎಂದೆ. ಯಾರದು ಎಂದಳು. ಹೇಳಲು ಶುರು ಮಾಡುವಷ್ಟರಲ್ಲಿ ಅವಳ ಬಸ್ಸಿಗೆ ಹೊತ್ತಾಯಿತು. ನಿಮಗೆ ಬಸ್ಸಿಲ್ಲ ಎಂದುಕೊಂಡು ಹೇಳುತ್ತೇನೆ.

ಬೈರಕೂರಿನಲ್ಲಿ ಅಕ್ಷರ ಕಲಿತು, ಮುಳಬಾಗಿಲಲ್ಲಿ ಮಿಡಲ್ ಸ್ಕೂಲು ಮುಗಿಸಿ ನಾನು ಹೈಸ್ಕೂಲಿಗೆಂದು ಕೋಲಾರಕ್ಕೆ ಬಂದದ್ದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ. ಕೋಲಾರದಲ್ಲಿ ಅಪ್ಪನ ಅಕ್ಕ ನಾರಾಯಣಮ್ಮ ಒಬ್ಬರೇ ಇದ್ದರು. ಅವರ ಮನೆಯಲ್ಲಿ ಇದ್ದುಕೊಂಡು ಓದುವುದು ಎಂದಾಯಿತು. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದೆ ಒಂದು ನುಗ್ಗೆ ಮರ. ಅತ್ತೆಯ ಕಸುಬು ಊಟದೆಲೆ ಹಚ್ಚುವುದು. ಬೆಟ್ಟದ ಕಡೆಯಿಂದ ಹೆಂಗಸರು ಹೊರೆ ಹೊರೆ ಮುತ್ತುಗದ ಎಲೆ ತಂದು ಹಾಕುತ್ತಿದ್ದರು. ಅತ್ತೆ ಮಧ್ಯಾಹ್ನ ಕಾಲು ಚಾಚಿ ಕೂತು, ಸೀಳಿದ ಸಣ್ಣ ಕಡ್ಡಿಗಳಿಂದ ಎಲೆಗೆ ಎಲೆ ಸೇರಿಸಿ ದುಂಡಗೆ ಹಚ್ಚುತ್ತಿದ್ದರು. ಅವರ ಬೆರಳಿಗೆ ಕಣ್ಣು ಬೇಕಿರಲಿಲ್ಲ. ಮದುವೆ ಮನೆಗಳಿಗೆ, ಹೋಟೆಲುಗಳಿಗೆ ಅವರ ಎಲೆಯೇ ಹೋಗುತ್ತಿತ್ತು.

ಅತ್ತೆಯ ಹಣೆಯಲ್ಲಿ ಕಾಸಗಲದ ಕುಂಕುಮವಿತ್ತು. ಮನೆಯಲ್ಲಿ ಮಾವ ಇರಲಿಲ್ಲ. ಮಾವ ಮುನಿವೆಂಕಟಪ್ಪನವರು ನಾನು ತೊಟ್ಟಿಲಲ್ಲಿದ್ದಾಗಲೇ ಕಾಶಿಗೆ ಹೋದವರು, ಇನ್ನೂ ಬಂದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಮಾವ ದರ್ಜಿ. ನಡುಮನೆಯ ಕಿಟಕಿಯ ಬಳಿ ಗಾರೆ ನೆಲದ ಮೇಲೆ ಹೊಲಿಗೆ ಮಿಷನ್ನಿನ ಕಾಲುಗಳು ಊರಿದ್ದ ನಾಲ್ಕು ಗುಳಿಗಳಿದ್ದವು. ಮಿಷನ್ ಇರಲಿಲ್ಲ. ಕಾಶಿಗೆ ಹೋಗುವವರು ಹೊಲಿಗೆ ಮಿಷನ್ ಯಾಕೆ ಹೊತ್ತುಕೊಂಡು ಹೋದರು ಎಂಬ ಪ್ರಶ್ನೆ ನನಗೆ ಒಂದು ದಿನವೂ ಹೊಳೆಯಲಿಲ್ಲ. ಕ್ಲಾಸಿನಲ್ಲಿ ನಾನು ಬುದ್ಧಿವಂತ ಎಂದು ಹೆಸರಾಗಿದ್ದವನು ಎನ್ನುವುದನ್ನು ಇಲ್ಲಿ ಸೇರಿಸಲೇಬೇಕು.

ಆ ಕಾಲಕ್ಕೆ ನನಗೆ ಕಾದಂಬರಿಯ ಹುಚ್ಚು ಹಿಡಿದಿತ್ತು. ಪೇಟೆಯ ವಾಚನಾಲಯದಲ್ಲಿ ಎರಡು ಬೀರು ಪುಸ್ತಕಗಳಿದ್ದವು. ಒಂದರಲ್ಲಿ ನೀತಿ, ವೈದ್ಯ, ಕೃಷಿ, ಮಹಾಪುರುಷರ ಜೀವನ. ಇನ್ನೊಂದರಲ್ಲಿ ಕಾದಂಬರಿ. ಮೊದಲನೆಯದರ ಬೀಗಕ್ಕೆ ತುಕ್ಕು ಹಿಡಿದಿತ್ತು, ಎರಡನೆಯದಕ್ಕೆ ಬೀಗವೇ ಕಳೆದುಹೋಗಿತ್ತು. ಅಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಮಾವಿನ ಕಾಲದಲ್ಲಿ ಬುಟ್ಟಿ ಹಣ್ಣು ತಂದು ಇಳಿಸಿದವರು ನನ್ನ ಕೈಯ ಪುಸ್ತಕ ನೋಡಿ, "ಇಲ್ದಿರೋರ್ ಕತೆ ಓದಿ ಇರೋರ್‌ಗೆ ಏನ್ಲಾ ಆಗ್ಬೇಕು?" ಎನ್ನುತ್ತಿದ್ದರು. ನಮ್ಮ ಸ್ಕೂಲಿನ ಕನ್ನಡ ಪಂಡಿತರದೂ ಹೆಚ್ಚುಕಡಿಮೆ ಇದೇ ಅಭಿಪ್ರಾಯ, ಭಾಷೆ ಮಾತ್ರ ಬೇರೆ. "ಕಲ್ಪಿತವನ್ನು ಓದಿದವನಿಗೆ ನಡೆದದ್ದು ಸಪ್ಪೆಯಾಗುತ್ತದೆ" ಎನ್ನುತ್ತಿದ್ದರು.

ನನ್ನನ್ನು ಎತ್ತಿ ಹಿಡಿದವರು ಅತ್ತೆ ಒಬ್ಬರೇ. ಅವರಿಗೆ ಓದಲು ಬರುತ್ತಿರಲಿಲ್ಲ. ರಜೆಯ ಮಧ್ಯಾಹ್ನ ಅವರು ಎಲೆ ಹಚ್ಚುತ್ತಿದ್ದರೆ ನಾನು ಗೋಡೆಗೆ ಒರಗಿಕೊಂಡು ಗಟ್ಟಿಯಾಗಿ ಓದಬೇಕು. ಕತೆಯಲ್ಲಿ ಯಾರಿಗಾದರೂ ಕಷ್ಟ ಬಂದರೆ ಅತ್ತೆಗೆ ತಾಯಿಮನೆಯ ಕಡೆಯ ತೆಲುಗು ಬಂದುಬಿಡುತ್ತಿತ್ತು. "ಅಯ್ಯೋ ಪಾಪಂ, ಪಾಪಂ" ಎಂದು ಎಲೆಗೆ ಕಡ್ಡಿ ಚುಚ್ಚುವರು. ಪ್ರತಿ ಪುಸ್ತಕಕ್ಕೂ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಗೋಪಾಲ, ಇದು ನಡ್ದಿದ್ದೇನೋ?"

"ನಡೆದದ್ದೇ ಅತ್ತೆ. ಉತ್ತರದ ಕಡೆ."

ಇಲ್ಲ ಎಂದರೆ ಎಲ್ಲಿ ಕೇಳುವುದನ್ನು ಬಿಟ್ಟುಬಿಡುತ್ತಾರೋ ಎಂದು ಹೆದರಿ ನಾನು ಹೇಳುತ್ತಿದ್ದ ಸುಳ್ಳು ಇದು. ಅತ್ತೆ ತಲೆಯಾಡಿಸಿ ಕಾಲು ಚಾಚುತ್ತಿದ್ದರು.

ಒಮ್ಮೆ ಒಂದು ದಪ್ಪ ಕಾದಂಬರಿ ಸಿಕ್ಕಿತು. ರಟ್ಟೂ ಇಲ್ಲ, ಹೆಸರೂ ಇಲ್ಲ. ಅದರಲ್ಲಿ ಒಬ್ಬ ಹೆಂಗಸನ್ನು ಗಂಡ ಬಿಟ್ಟು ಹೋಗುತ್ತಾನೆ. ಅವಳು ಗಂಡನ ತಂದೆತಾಯಿಯರನ್ನು ಸಾಕಿಕೊಂಡು ಅವನ ದಾರಿ ಕಾಯುತ್ತಾಳೆ. ಅತ್ತೆ ಆ ಪುಸ್ತಕಕ್ಕೆ ಸಿಕ್ಕಿಹಾಕಿಕೊಂಡುಬಿಟ್ಟರು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಕಾಫಿ ಸಿದ್ಧವಿರುತ್ತಿತ್ತು. ಬ್ಯಾಗು ಇಳಿಸುವ ಮುಂಚೆಯೇ "ಅವಳೇನಾದ್ಳೋ?" ಎಂದು ಕೇಳುವರು. ಹೀಗೆ ಹದಿನೈದು ದಿನ ನಡೆದ ಮೇಲೆ ಪುಸ್ತಕದ ಕೊನೆಯ ಮೂವತ್ತು ನಲವತ್ತು ಪುಟಗಳು ಹರಿದುಹೋಗಿರುವುದು ಕಂಡಿತು.

ಆಗ ನನಗೆ ಹದಿನಾಲ್ಕು ವರ್ಷ, ಧೈರ್ಯಕ್ಕೆ ಕೊರತೆಯಿಲ್ಲ. ಪುಸ್ತಕವನ್ನು ಹಾಗೇ ಮುಖದ ಮುಂದೆ ಹಿಡಿದುಕೊಂಡು, ಇಲ್ಲದ ಪುಟಗಳನ್ನು ಓದತೊಡಗಿದೆ. ಗಂಡ ಬಂದ. ಸಂಜೆಯಾಗಿತ್ತು. ತುಳಸಿಕಟ್ಟೆಯ ಮುಂದೆ ಅವಳು ದೀಪ ಹಚ್ಚುತ್ತಿದ್ದಳು. ಅವನು ಅವಳ ಕಾಲಿಗೆ ಬಿದ್ದು 'ದೇವಿ, ನನ್ನನ್ನು ಕ್ಷಮಿಸು' ಎಂದ. ನನ್ನ ಮಾತಿಗೆ ನಾನೇ ಕಣ್ಣೊರೆಸಿಕೊಂಡೆ.

ಅತ್ತೆಯ ಕೈ ನಿಂತಿತ್ತು. "ಸುಳ್ಳು" ಎಂದರು.

"ಇಲ್ಲಿ ಹಾಗೇ ಇದೆ ಅತ್ತೆ."

"ಇರಲ್ಲ. ಅವ್ನು ಬರಲ್ಲ ಕಣೋ. ಬಂದ್ರೂ ಕಾಲಿಗೆಲ್ಲ ಬೀಳಲ್ಲ. ಇಷ್ಟ್ ದಿನ ಓದಿದ್ದು ಒಬ್ರು, ಇವತ್ತು ಓದಿದ್ದು ಇನ್ನೊಬ್ರು. ಪುಸ್ತಕ ಈ ಕಡೆ ತಿರುಗ್ಸು."

ತಿರುಗಿಸಿದೆ. ಅಕ್ಷರ ಬಾರದಿದ್ದರೂ ಹರಿದ ಪುಟ ಗೊತ್ತಾಗುವುದಿಲ್ಲವೆ? ಅತ್ತೆ ಬೈಯಲಿಲ್ಲ. "ಓದೋನು ಇರೋದನ್ನ ಓದ್ಬೇಕು. ನಿಂದು ಸೇರಿಸ್ಬೇಡ" ಎಂದು ಮತ್ತೆ ಎಲೆ ಎತ್ತಿಕೊಂಡರು. ಆ ದಿನ ನನಗೆ ಅವಮಾನವಾಯಿತೇ ಹೊರತು, ಕಾದಂಬರಿಯೊಳಗೂ ಸುಳ್ಳು ಬೇರೆ ನಿಜ ಬೇರೆ ಎಂದು ಇವರಿಗೆ ಹೇಗೆ ತಿಳಿಯಿತು ಎಂದು ನಾನು ಯೋಚಿಸಲಿಲ್ಲ.

ಆ ವರ್ಷ ಸ್ಕೂಲಿನಲ್ಲಿ ಪ್ರಬಂಧ ಸ್ಪರ್ಧೆ ಇಟ್ಟರು. ವಿಷಯ 'ನಾನು ಕಂಡ ಒಂದು ಜೀವ'. ಪಂಡಿತರು ಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, "ಕತೆ ಬೇಡ. ನಿಜವಾದದ್ದು ಬೇಕು" ಎಂದರು. ನಾನು ಅತ್ತೆಯ ಬಗ್ಗೆ ಬರೆದೆ. ಅತ್ತೆಯನ್ನು ಒಂದು ಮಾತೂ ಕೇಳಲಿಲ್ಲ. ಕೇಳುವುದೇನಿದೆ? ದಿನಾ ನೋಡುತ್ತಿದ್ದೇನಲ್ಲ.

'ಹಾ! ಪತಿದೇವರಾದ ಮುನಿವೆಂಕಟಪ್ಪನವರು ಪುಣ್ಯಕ್ಷೇತ್ರವಾದ ಕಾಶಿಗೆ ತೆರಳಿ ದ್ವಾದಶ ವರ್ಷಗಳು ಸಂದರೂ ಈ ಸಾಧ್ವಿಯು ಪ್ರತಿ ಸಂಧ್ಯೆಯಲ್ಲಿಯೂ ಬಾಗಿಲಲ್ಲಿ ನಿಂತು, ಕಂಬನಿಯ ಕಣ್ಣುಗಳಿಂದ ಉತ್ತರ ದಿಕ್ಕನ್ನೇ ನಿರೀಕ್ಷಿಸುತ್ತಿರುವಳು' ಎಂದು ಶುರು. ಅತ್ತೆ ಸಂಜೆ ಬಾಗಿಲಲ್ಲಿ ನಿಲ್ಲುತ್ತಿದ್ದುದು ನಿಜ. ಬೀದಿಯ ಮೇಕೆಗಳು ಎಲೆಯ ಹೊರೆಗೆ ಬಾಯಿ ಹಾಕದಂತೆ ಕೋಲು ಹಿಡಿದು ನಿಲ್ಲುತ್ತಿದ್ದರು. ನಮ್ಮ ಬಾಗಿಲು ಇದ್ದದ್ದು ದಕ್ಷಿಣಕ್ಕೆ. ಮೇಕೆಯನ್ನು ಬಿಟ್ಟೆ, ಕೋಲನ್ನು ಬಿಟ್ಟೆ, ಬಾಗಿಲನ್ನು ತಿರುಗಿಸಿದೆ. ಹೊಲಿಗೆ ಮಿಷನ್ನಿನ ವಿಷಯವನ್ನೂ ಬಿಟ್ಟೆ. ಅದು ಆ ಭಾಷೆಯೊಳಗೆ ಕೂರುತ್ತಿರಲಿಲ್ಲ.

ಮೊದಲ ಬಹುಮಾನ ಬಂತು. ಪಂಡಿತರು ಕ್ಲಾಸಿನಲ್ಲಿ ಓದಿ ಹೇಳಿ, "ನೋಡಿ, ಇದು ಬದುಕು. ಯಾವ ಕಾದಂಬರಿ ಇದರ ಮುಂದೆ ನಿಲ್ಲುತ್ತದೆ?" ಎಂದರು. ಪ್ರಬಂಧ ಸ್ಕೂಲಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಕೆಳಗೆ ನನ್ನ ಹೆಸರು. ಆ ಸಂಚಿಕೆಯನ್ನು ಎದೆಗೆ ಒತ್ತಿಕೊಂಡು ಮನೆಗೆ ಓಡಿ ಬಂದೆ. ಅತ್ತೆಯನ್ನು ಕೂರಿಸಿ, ಈ ಸಲ ಹರಿದ ಪುಟವಿಲ್ಲ ಎಂದು ತೋರಿಸಿ, ಓದಿದೆ.

ಅತ್ತೆ ಕೊನೆಯವರೆಗೂ ಕೇಳಿದರು. ಪಾಪಂ ಎನ್ನಲಿಲ್ಲ. ಓದಿ ಮುಗಿಸಿ ನಾನು ಹೊಗಳಿಕೆಗೆ ಮುಖ ಎತ್ತಿದರೆ, "ಈ ನಾರಾಯಣಮ್ಮ ಯಾರೋ?" ಎಂದರು.

"ನೀವೇ ಅತ್ತೆ!"

"ನಾನಾ? ನಾನು ಯಾವತ್ತೋ ಅಳ್ತಾ ನಿಂತಿದ್ದೆ?"

ಅತ್ತೆ ಹಚ್ಚಿದ್ದ ಎಲೆಗಳನ್ನು ಜೋಡಿಸಿ, ಮೇಲೆ ಮಣೆ ಇಟ್ಟು ಅದುಮಿ, ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ನಾಳೆಯ ಅಡುಗೆ ಏನು ಎಂದು ಹೇಳುವಷ್ಟು ಸಲೀಸಾಗಿ ಹೇಳಿದರು:

"ನಿಮ್ ಮಾವ ಕಾಶೀಲಿಲ್ಲ ಕಣೋ. ಟೇಕಲ್ಲಲ್ಲವ್ರೆ. ಅಲ್ಲೊಬ್ಳು ಇದಾಳೆ. ಹೋದ ವರ್ಷವೇ ಬಳೆಗಾರ ಬಂದು ಹೇಳ್ದ. ಹೋದ ವರ್ಷ ಅಂದ್ರೆ ಈಗಲ್ಲ, ಅವ್ರು ಹೋದ್ರಲ್ಲ, ಅದೇ ವರ್ಷ."

ಟೇಕಲ್ ಎಂದರೆ ಮಾಲೂರಿನ ಹತ್ತಿರ. ಕೋಲಾರದಿಂದ ಚಿಕ್ಕ ರೈಲು ಹತ್ತಿ, ಬೌರಿಂಗ್‌ಪೇಟೆಯಲ್ಲಿ ದೊಡ್ಡ ರೈಲಿಗೆ ಬದಲಾಯಿಸಿದರೆ ಊಟದ ಹೊತ್ತಿಗೆ ಸೇರಬಹುದು. ಹನ್ನೆರಡು ವರ್ಷದಿಂದ ನಮ್ಮ ಕಾಶಿ ಅಲ್ಲಿತ್ತು.

"ಅಪ್ಪನಿಗೆ ಗೊತ್ತಾ?"

"ಕಾಶಿ ಅಂತ ಕಟ್ಟಿದ್ದೇ ನಿಮ್ಮಪ್ಪ. ಮರ್ಯಾದೆ ಪ್ರಶ್ನೆ ಅಂದ. ಅವ್ನು ಅಷ್ಟು ಕಷ್ಟ ಪಟ್ಟು ಕಟ್ಟಿದ್ದನ್ನ ನಾನ್ಯಾಕೆ ಕೆಡಸ್ಲಿ ಅಂತ ಸುಮ್ನಿದ್ದೆ."

"ನೀವು ಹೋಗಿ ಕೇಳಲಿಲ್ವಾ?"

"ಒಂದ್ ಸಲ ಹೋಗಿದ್ದೆ. ರೈಲಿಂದ ಇಳೀಲಿಲ್ಲ. ಕಿಟಕೀಲಿ ನೋಡ್ದೆ. ಸ್ಟೇಷನ್ ಎದುರಿಗೇ ಅಂಗಡಿ, ತಲೆ ಬಗ್ಸಿ ಮಿಷನ್ ತುಳೀತಿದ್ರು. ರೈಲು ಹೊರಡ್ತು. ಮಾಲೂರಲ್ಲಿ ಇಳ್ದು ಸಂಜೆ ರೈಲಿಗೆ ವಾಪಸ್ ಬಂದೆ." ಚೆಲ್ಲಿದ ಕಡ್ಡಿಗಳನ್ನು ಬಾಚಿಕೊಳ್ಳುತ್ತಾ, "ಆವತ್ತೂ ಅಳ್ಲಿಲ್ಲ. ಹಸಿವಾಗಿತ್ತು" ಎಂದರು.

ನನ್ನ ಕೈಯಲ್ಲಿ ಸಂಚಿಕೆ ಬೆವರಿಗೆ ಮೆತ್ತಗಾಗಿತ್ತು. ನಾಡಿಗೆಲ್ಲ ಹಂಚಿಯಾಗಿದೆ ಅತ್ತೆ, ಏನು ಮಾಡಲಿ ಎಂದೆ. ಅಳು ಬಂದದ್ದು ನನಗೆ. "ಆಯ್ತು ಬಿಡು. ಸ್ಕೂಲ್ ಪುಸ್ತಕ ಯಾರ್ ಓದ್ತಾರೆ?" ಎಂದರು ಅತ್ತೆ.

ಅವರ ಲೆಕ್ಕ ತಪ್ಪಿತ್ತು. ಕೋಲಾರದ ಸುತ್ತಿನ ಊರುಗಳಿಂದೆಲ್ಲ ಹುಡುಗರು ಬಂದು ಓದುತ್ತಿದ್ದ ಸ್ಕೂಲು ಅದು.

ಇಪ್ಪತ್ತು ದಿನ ಕಳೆದಿರಬಹುದು. ಒಂದು ಭಾನುವಾರ ಹನ್ನೊಂದರ ಬಿಸಿಲಿನಲ್ಲಿ ಒಬ್ಬರು ಕೊಡೆ ಮಡಚುತ್ತಾ ನಮ್ಮ ಜಗಲಿಯ ಮುಂದೆ ನಿಂತರು. ಬಡಕಲು ಮೈ, ನರೆತ ಮೀಸೆ, ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ. ಕೋಟು ಮಾತ್ರ ಬಹಳ ಚೆನ್ನಾಗಿ ಹೊಲಿದದ್ದು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೈರಕೂರು ಗೋಪಾಲ ಅಂದ್ರೆ ನೀನೇನಪ್ಪ?" ಎಂದರು.

ಹೌದೆಂದೆ. ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಸಂಚಿಕೆ ಹೊರಗೆ ಬಂತು.

"ನನ್ನ ಕಾಶಿಗೆ ಕಳ್ಸಿದೋನು ನೀನೇ ಏನು?"

ಕೈಕಾಲು ತಣ್ಣಗಾಯಿತು ಎಂದು ಕಾದಂಬರಿಗಳಲ್ಲಿ ಬಹಳ ಸಲ ಓದಿದ್ದೆ. ಅದು ನಿಜ. ಆ ಬಿಸಿಲಿನಲ್ಲಿ ನನ್ನ ಅಂಗಾಲು ತಣ್ಣಗಾಯಿತು.

"ಏನ್ ಮಾಡ್ಬಿಟ್ಯಪ್ಪ ನೀನು" ಎಂದು ಅವರು ಜಗಲಿಯ ಮೇಲೆ ಕುಸಿದು ಕೂತರು. ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು. "ಕೋಲಾರದಿಂದ ಬಂದ ಮುನಿವೆಂಕಟಪ್ಪ ನಮ್ಮೂರಲ್ಲಿ ನಾನೊಬ್ನೇ. ಸ್ಟೇಷನ್ ಮಾಸ್ಟ್ರು ದಿನಾ ಕೈ ಮುಗೀತಾರೆ. 'ಸ್ವಾಮಿಗಳು ಯಾವಾಗ ಬಂದ್ರಿ ಕಾಶಿಯಿಂದ' ಅಂತಾರೆ. ಜುಬ್ಬಕ್ಕೆ ಅಳತೆ ಕೊಡೋಕ್ ಬಂದೋರು ಗಂಗೆ ತೀರ್ಥ ಕೇಳ್ತಾರೆ. ನನ್ನ ಮಕ್ಳನ್ನ ಸ್ಕೂಲಲ್ಲಿ 'ಕಾಶಿಯೋರ ಮಕ್ಳು' ಅಂತ ಕರೀತಾರಂತೆ. ಮನೇಲಿ ಅವ್ಳು ಮಾತು ಬಿಟ್ಟವ್ಳೆ. ಇಲ್ಲೊಬ್ರು ಇದ್ದಾರೆ ಅಂತ ಅವ್ಳಿಗೆ ಗೊತ್ತೇ ಇರ್ಲಿಲ್ಲ."

ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ಹೊಸ್ತಿಲಲ್ಲಿ ನಿಂತರು. ಹನ್ನೆರಡು ವರ್ಷದ ಮೇಲೆ ಗಂಡ ಹೆಂಡತಿ ಎದುರಾದಾಗ ಏನೇನು ಆಗಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಿಡಿಲಾದರೂ ಬಡಿಯಬೇಕು. ಏನೂ ಆಗಲಿಲ್ಲ. ಅತ್ತೆ ಒಂದು ಕ್ಷಣ ನೋಡಿ, ಒಳಗೆ ಹೋಗಿ, ಚೊಂಬಿನಲ್ಲಿ ನೀರು ತಂದಿಟ್ಟರು.

"ಊಟ ಆಗಿದ್ಯಾ?"

ಮಾವ ಇಲ್ಲವೆಂದು ತಲೆಯಾಡಿಸಿದರು.

ನಡುಮನೆಯಲ್ಲಿ ಎಲೆ ಹಾಕಿದರು. ಮುದ್ದೆ, ನುಗ್ಗೆಸೊಪ್ಪಿನ ಸಾರು. ಮಾವ ತಲೆ ಎತ್ತದೆ ಉಂಡರು. ಇನ್ನೊಂದು ಸೌಟು ಸಾರು ಬೇಕೆಂದು ಕೇಳಲು ಅವರಿಗೆ ನಾಚಿಕೆ, ಕೇಳದೆಯೇ ಬಡಿಸಿದ ಅತ್ತೆಗೆ ಅದೂ ಇಲ್ಲ. ಕೈ ತೊಳೆದು ಬಂದವರು ಕಿಟಕಿಯ ಬಳಿಯ ನಾಲ್ಕು ಗುಳಿಗಳನ್ನು ದಾಟುವಾಗ ಕಾಲು ಸ್ವಲ್ಪ ಪಕ್ಕಕ್ಕೆ ಇಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡು ಅತ್ತೆಗೆ ಹೇಳಿದರು:

"ನಾನು ಕಾಶೀಲಿಲ್ಲ ಅಂತ ಈ ಹುಡುಗನ ಕೈಲಿ ಇನ್ನೊಂದ್ ಸಲ ಬರ್ಸು. ಅದರಲ್ಲೇ ಅಚ್ಚಾಗ್ಲಿ."

"ಬರೀತಾನೆ" ಎಂದರು ಅತ್ತೆ. "ಗೋಪಾಲ, ಕಾಗದ ಪೆನ್ಸಿಲ್ ತಗೊಂಬಾ."

ತಂದು ಕೂತೆ.

"ಇನ್ಮೇಲೆ ಇವ್ನು ಕೇಳ್ದೆ ಬರೆಯೋದ್ ಬೇಡ. ನೀವೇ ಹೇಳಿ, ಹಂಗೇ ಬರ್ಕೋತಾನೆ. ಕಾಶೀಲಿಲ್ಲ. ಸರಿ. ಎಲ್ಲವ್ರೆ ಅಂತ ಬರೀಬೇಕು?"

ಮಾವ ಕನ್ನಡಕದ ದಾರ ಸರಿಮಾಡಿಕೊಂಡರು.

"ಯಾರ್ ಜೊತೆ ಅವ್ರೆ ಅಂತ ಬರೀಬೇಕು? ಹೋಗೋವಾಗ ಏನ್ ಹೇಳಿ ಹೋದ್ರು ಅಂತ ಬರೀಬೇಕು? ಒಂದೊಂದಾಗಿ ಹೇಳಿ. ನಂಗೂ ಕೇಳ್ಬೇಕು."

ಅತ್ತೆಯ ದನಿ ಏರಿರಲಿಲ್ಲ. ನಾನು ಪೆನ್ಸಿಲ್ ಹಿಡಿದುಕೊಂಡು ಕಾಯುತ್ತಿದ್ದೆ. ಮಾವನ ಬೆರಳುಗಳು ಕೋಟಿನ ಗುಂಡಿಯನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದವು. ಕೊನೆಗೆ, "ಟೇಕಲ್ ಅಂತ... ಊರ ಹೆಸ್ರು ಬೇಡ" ಎಂದರು.

"ಹಂಗಾದ್ರೆ ಕಾಶೀಲೇ ಇರಿ" ಎಂದರು ಅತ್ತೆ.

ನಾನು ನಗಬಾರದಿತ್ತು. ಫಕ್ಕನೆ ಬಂದುಬಿಟ್ಟಿತು. ಮಾವ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಅವರ ಮೀಸೆಯ ಕೆಳಗೂ ಏನೋ ಅಲುಗಾಡಿದ ಹಾಗಾಯಿತು. ತಲೆ ತಗ್ಗಿಸಿ ಕೊಡೆ ಎತ್ತಿಕೊಂಡರು.

"ಮಕ್ಳೆಷ್ಟು?" ಎಂದು ಅತ್ತೆ ಕೇಳಿದರು.

"ಎರಡು. ಹೆಣ್ಣು."

ಅತ್ತೆ ಒಳಗೆ ಹೋಗಿ, ಅಪ್ಪ ತಂದಿಟ್ಟಿದ್ದ ಮಾವಿನ ಹಣ್ಣಿನಲ್ಲಿ ಆರು ಆರಿಸಿ ಒಂದು ಪಂಚೆಯ ತುಂಡಿಗೆ ಕಟ್ಟಿಕೊಟ್ಟರು. ಮಾವ ಅದನ್ನು ತೆಗೆದುಕೊಂಡರು. ಬೀದಿಯ ಕೊನೆಯವರೆಗೂ ನಾನು ನೋಡುತ್ತಿದ್ದೆ, ಅವರು ತಿರುಗಿ ನೋಡಲಿಲ್ಲ. ಅತ್ತೆಯಂತೂ ಆಗಲೇ ಒಳಗಿದ್ದರು.

ಒಳಗೆ ಹೋದರೆ ಅತ್ತೆ ಎಲೆಯ ರಾಶಿಯ ಪಕ್ಕ ಕೂತು, ಸೆರಗು ಬಾಯಿಗಿಟ್ಟುಕೊಂಡು ಮೈಯೆಲ್ಲ ಕುಲುಕಿಸುತ್ತಿದ್ದರು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು. "ತೀರ್ಥ ಕೇಳ್ತಾರಂತೆ, ತೀರ್ಥ" ಎಂದು ಮತ್ತೆ ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ಮುದುಕ ಆಗ್ಬಿಟ್ಟವ್ರೆ ಕಣೋ. ನಾನು ಇನ್ನೂ ಆ ಕಿಟಕೀಲಿ ಕಂಡೋರ ಮೇಲೇ ಸಿಟ್ಟಲ್ಲಿದ್ದೆ. ಅವ್ರು ಯಾವಾಗ್ಲೋ ಹೋಗ್ಬಿಟ್ಟವ್ರೆ" ಎಂದರು. ಆ ಮಧ್ಯಾಹ್ನ ಅವರು ಎಲೆ ಹಚ್ಚಲಿಲ್ಲ. ಚಾಪೆ ಹಾಸಿಕೊಂಡು ಸಂಜೆಯವರೆಗೂ ನಿದ್ದೆ ಮಾಡಿದರು. ಮೇಕೆ ಕಾಯುವ ಕೆಲಸ ನನಗೆ ಬಂತು.

ಮಾರನೆಯ ದಿನ ನಾನು ಪಂಡಿತರ ಬಳಿ ಹೋದೆ. ಬಹುಮಾನವಾಗಿ ಕೊಟ್ಟಿದ್ದ ಫೌಂಟನ್ ಪೆನ್ನನ್ನು ಮೇಜಿನ ಮೇಲಿಟ್ಟು, "ನನ್ನ ಪ್ರಬಂಧ ಸುಳ್ಳು ಸಾರ್" ಎಂದೆ. ಯಾವುದು ಸುಳ್ಳು, ನಿಜ ಯಾವುದು ಎಂದು ಹೇಳುವಂತಿರಲಿಲ್ಲ. ಅದು ನನ್ನದಲ್ಲ, ಅತ್ತೆಯದು. ಪಂಡಿತರು ನನ್ನ ಮುಖವನ್ನೇ ನೋಡಿದರು. ಕೋಪದ ಮನುಷ್ಯ ಎಂದು ಹೆಸರಾದವರು ಅವರು.

"ಬೇಕೆಂದೇ ಸುಳ್ಳು ಬರೆದೆಯಾ?"

"ಇಲ್ಲ ಸಾರ್. ನಿಜ ಅಂದುಕೊಂಡಿದ್ದೆ."

"ಬರೆಯುವ ಮುಂಚೆ ಆಕೆಯನ್ನು ಕೇಳಿದ್ದೆಯಾ?"

"ಇಲ್ಲ ಸಾರ್."

ಪಂಡಿತರು ಕಿಟಕಿಯ ಕಡೆ ತಿರುಗಿದರು. "ನಾನೂ ಕೇಳಲಿಲ್ಲ. ಓದಿ ಕಣ್ಣಲ್ಲಿ ನೀರು ಹಾಕಿಕೊಂಡೆ. ಕಣ್ಣೀರು ಬಂದ ಮಾತ್ರಕ್ಕೆ ನಿಜ ಅಂದುಕೊಂಡೆ" ಎಂದರು. ಆಮೇಲೆ ಪೆನ್ನನ್ನು ನನ್ನ ಕಡೆಗೇ ತಳ್ಳಿ, "ಇಟ್ಟುಕೋ. ಕೇಳಿ ಬರೆಯುವುದಕ್ಕೆ" ಎಂದರು. ಹುಡುಗನೊಬ್ಬನ ಮುಂದೆ ತಮ್ಮ ತಪ್ಪನ್ನು ಒಪ್ಪಿಕೊಂಡ ಮೇಷ್ಟರನ್ನು ನಾನು ಆಮೇಲೆ ಕಾಣಲಿಲ್ಲ. ಅವರ ಎಷ್ಟೋ ಪಾಠಗಳು ಮರೆತುಹೋಗಿವೆ, ಇದೊಂದಕ್ಕೆ ಇಂದಿಗೂ ಕೈ ಮುಗಿಯುತ್ತೇನೆ.

ಆ ವಾರವೇ ಅತ್ತೆ ಒಂದು ಸ್ಲೇಟು ತಂದರು. "ನಂಗೂ ಅಕ್ಷರ ಕಲ್ಸು. ಯಾರ್ಯಾರೋ ನನ್ನ ಬಗ್ಗೆ ಏನೇನೋ ಬರೀತಾರೆ. ನಾನೇ ನೋಡ್ಕೋಬೇಕು" ಎಂದರು. ಮೂವತ್ತೈದು ದಾಟಿದ ಹೆಂಗಸು, ಕಡ್ಡಿ ಹಿಡಿದು ಪಳಗಿದ ಕೈ. ಬಳಪವನ್ನೂ ಎಲೆಗೆ ಚುಚ್ಚುವಂತೆ ಹಿಡಿಯುತ್ತಿದ್ದರು. 'ಣ' ಬರೆಯಲು ಒಂದು ತಿಂಗಳು ಹಿಡಿಯಿತು, ಅವರ ಹೆಸರಿನಲ್ಲೇ ಅದು ಇದ್ದದ್ದರಿಂದ ಬಿಡುವಂತಿರಲಿಲ್ಲ. ನಾನು ಗದರಿಸಿದರೆ, "ನೀನು ಬಾಗ್ಲು ಉತ್ತರಕ್ಕೆ ತಿರುಗ್ಸಿದ್ದೋನು, ಸುಮ್ನಿರು" ಎನ್ನುತ್ತಿದ್ದರು. ಯುದ್ಧ ಬಂತು, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡತೊಡಗಿದವು, ಸೀಮೆಎಣ್ಣೆಗೆ ಸಾಲು ನಿಲ್ಲುವ ಹಾಗಾಯಿತು. ಅತ್ತೆ ಆ ಹೊತ್ತಿಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಕಾದಂಬರಿ ಓದುತ್ತಿದ್ದರು. ಚಂದ್ರನ ವರ್ಣನೆ ಬಂದರೆ ಪುಟ ತಿರುಗಿಸುವರು. ಹೆಂಗಸರ ಮಾತು ಬಂದರೆ ನಿಂತು ಎರಡು ಸಲ ಓದುವರು.

'ಇದು ನಡ್ದಿದ್ದೇನೋ' ಎಂದು ಕೇಳುವುದನ್ನು ಮಾತ್ರ ಅವರು ಬಿಟ್ಟುಬಿಟ್ಟರು. ಒಂದು ದಿನ ನಾನೇ ತಡೆಯಲಾರದೆ, ಅವೆಲ್ಲ ಕಟ್ಟಿದ ಕತೆಗಳು, ಉತ್ತರದ ಕಡೆ ಏನೂ ನಡೆದಿರಲಿಲ್ಲ, ನಿಮಗೆ ಸುಳ್ಳು ಹೇಳುತ್ತಿದ್ದೆ ಎಂದು ಒಪ್ಪಿಕೊಂಡೆ. ಅತ್ತೆ ಪುಸ್ತಕದಿಂದ ತಲೆ ಎತ್ತಲಿಲ್ಲ. "ಗೊತ್ತು ಬಿಡೋ. ಆದ್ರೂ ಆ ಹರಿದ ಪುಸ್ತಕದ ಹೆಂಗಸು ಪಾಪ, ಅಕ್ಕಿ ತೊಳೀತಾ ತೊಳೀತಾ ನೀರೆಲ್ಲ ಚೆಲ್ಲೋಗಿ ನಿಂತ್ಕೊಂಡ್ಳಲ್ಲ, ಅದನ್ನ ಯಾರೋ ಕಂಡೇ ಬರ್ದವ್ರೆ" ಎಂದರು.

ನಾನು ಮುಂದೆ ಬೆಂಗಳೂರಿಗೆ ಹೋಗಿ ಕಾಲೇಜು ಸೇರಿದೆ. ನಡೆದದ್ದನ್ನು ಬರೆಯುವುದು ಹೇಗೆ, ಕಟ್ಟಿದ್ದು ನಿಜವಾಗುವುದು ಹೇಗೆ ಎಂದು ದೊಡ್ಡ ದೊಡ್ಡ ಪ್ರೊಫೆಸರುಗಳು ಪಾಠ ಹೇಳಿದರು. ಟಿಪ್ಪಣಿ ಬರೆದುಕೊಂಡೆ, ಪರೀಕ್ಷೆಯಲ್ಲಿ ಒಪ್ಪಿಸಿದೆ. ಯುದ್ಧ ಮುಗಿದ ವರ್ಷ ಹಾಸ್ಟೆಲಿಗೆ ಒಂದು ಕಾರ್ಡು ಬಂತು. ಅಕ್ಷರಗಳು ಒಂದರಿಂದ ಒಂದು ದೂರ ದೂರ, ಪ್ರತಿಯೊಂದನ್ನೂ ಕಡ್ಡಿಯಿಂದ ಚುಚ್ಚಿ ನಿಲ್ಲಿಸಿದ ಹಾಗೆ. ಅತ್ತೆ ತಾವೇ ಬರೆದ ಮೊದಲ ಕಾಗದ. ಅದರಲ್ಲಿ ಇಷ್ಟಿತ್ತು:

'ಗೋಪಾಲನಿಗೆ ಆಶೀರ್ವಾದ. ಟೇಕಲ್ಲಿನವರು ಹೋದ ಸೋಮವಾರ ಹೋಗಿಬಿಟ್ಟರು. ಹೇಳಿ ಕಳಿಸಿದ್ದರು. ಹೋದೆ. ಅವಳು ಬಹಳ ಅತ್ತಳು. ಮಕ್ಕಳು ಏನೂ ತಿಂದಿರಲಿಲ್ಲ. ಅನ್ನ ಮಾಡಿ ಬಡಿಸಿದೆ. ನನಗೆ ಅಳು ಬರಲಿಲ್ಲ. ಬರುವಾಗ ರೈಲಿನಲ್ಲಿ ಸ್ವಲ್ಪ ಬಂತು. ಕುಂಕುಮ ಅಳಿಸು ಅಂತ ಬೀದಿಯವರು ಹೇಳುತ್ತಾರೆ. ಇನ್ನೂ ಯೋಚನೆ ಮಾಡಿಲ್ಲ. ನುಗ್ಗೆ ಮರ ಈ ಸಲ ಚೆನ್ನಾಗಿ ಬಿಟ್ಟಿದೆ.'

ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅದನ್ನು ಎಷ್ಟು ಸಲ ಓದಿದೆನೋ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಬಿಟ್ಟಿಲ್ಲ. ಉತ್ತರ ಬರೆಯಲು ಕೂತೆ. 'ವಿಧಿಯ ಆಟವನ್ನು ಬಲ್ಲವರಾರು' ಎಂದು ಶುರು ಮಾಡಿ ಹರಿದೆ. 'ನಿಮ್ಮ ದುಃಖದಲ್ಲಿ ನಾನೂ' ಎಂದು ಬರೆದು ಅದನ್ನೂ ಹರಿದೆ. ಮೂರನೆಯ ಕಾರ್ಡಿನಲ್ಲಿ 'ಅತ್ತೆ, ಶನಿವಾರದ ರೈಲಿಗೆ ಬರುತ್ತೇನೆ' ಎಂದಷ್ಟು ಬರೆದೆ.

ಶನಿವಾರ ಹೋದೆ.